ಬೆಳ್ಳಕ್ಕಿಯ ಬಲಗಡೆಯ ಸೀಟು

ಫ್ರೀಮಾಂಟ್: ತಪ್ಪು ಬಾಗಿಲು

ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಅಮೆರಿಕಕ್ಕೆ ಹೋದದ್ದು ಸ್ಪೋರ್ಟ್ಸ್ ಕಾರುಗಳನ್ನು ರೂಪಿಸಿದ ವಿನ್ಯಾಸಗಾರರೊಬ್ಬರ ಬಗ್ಗೆ ಪುಸ್ತಕ ಬರೆಯುವುದಕ್ಕಾಗಿ. ಈಜು ಬಾರದವರು ಸಮುದ್ರದ ಬಗ್ಗೆ ಬರೆಯುವುದಿಲ್ಲವೇ ಎಂದು ವಾದಿಸಬಹುದು. ಆದರೆ ಸಮುದ್ರವನ್ನು ದಡದಲ್ಲಿ ಕೂತು ನೋಡಬಹುದು. ಕಾರನ್ನು ಒಳಗೆ ಕೂತೇ ನೋಡಬೇಕು, ಒಳಗೆ ಕೂತರೆ ನನಗೆ ಜೀವ ಬಾಯಿಗೆ ಬರುತ್ತದೆ.

ದಾವಣಗೆರೆಯ ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು ನಾನು. ವಸ್ತುಗಳ ಆಕಾರ ನೋಡುವುದು ನನ್ನ ಚಟ. ಇಡ್ಲಿ ತಟ್ಟೆಯ ಕುಳಿ ಯಾಕೆ ಅಷ್ಟೇ ಆಳ, ಆಟೊದ ಮೂತಿ ಯಾಕೆ ಹಾಗೆ ಬಾಗಿದೆ ಎಂದೆಲ್ಲ ಒಂದು ಮಾಸಪತ್ರಿಕೆಗೆ ಬರೆಯುತ್ತಾ ಬಂದಿದ್ದೇನೆ. ಆದರೆ ಓಡುವ ವಸ್ತುವಿನೊಳಗೆ ಕೂತೆನೋ, ಕುತೂಹಲವೆಲ್ಲ ಆವಿಯಾಗಿ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ಒತ್ತತೊಡಗುತ್ತದೆ. ನಮ್ಮ ಯಜಮಾನರು ಹೊಸ ಕಾರು ಕೊಂಡಾಗ ನನ್ನ ಕಾಲ ಕೆಳಗೆ ಎರಡು ಮ್ಯಾಟು ಹಾಸಿದರು. ಒಂದು ಸವೆದರೆ ಇನ್ನೊಂದು ಇರಲಿ ಎಂದು.

ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಬಂದವಳು ನಾದಿನಿ ಸುನೀತಾ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಫ್ರೀಮಾಂಟಿನಲ್ಲಿ ಮನೆ. ಡಿಕ್ಕಿಗೆ ಸೂಟ್‌ಕೇಸು ತುಂಬಿ ನಾನು ಸಲೀಸಾಗಿ ಮುಂದಿನ ಎಡಗಡೆ ಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟೇರಿಂಗು.

"ಅತ್ತಿಗೆ, ನೀವೇ ಓಡಿಸ್ತೀರಾ? ನಂಗೂ ಸುಸ್ತಾಗಿದೆ" ಅಂದಳು.

ಅಲ್ಲಿ ಡ್ರೈವರು ಕೂರುವುದು ಎಡಕ್ಕೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಪುಸ್ತಕದಲ್ಲಿ ನಾನೇ ಅದರ ಮೇಲೆ ಒಂದು ಪುಟ ಬರೆದಿದ್ದೆ. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಬೇಕಲ್ಲ. ಅಲ್ಲಿದ್ದಷ್ಟು ದಿನವೂ ಯೋಚನೆಯಲ್ಲಿ ಮುಳುಗಿದಾಗಲೆಲ್ಲ ನಾನು ಎಡಗಡೆಗೇ ಹೋಗಿ ಕೂರುತ್ತಿದ್ದೆ. ಸುನೀತಾ ಮೊದಮೊದಲು ನಕ್ಕಳು, ಆಮೇಲೆ ಮಾತಾಡದೆ ಬಾಗಿಲ ಬಳಿ ನಿಂತು ನಾನು ಇಳಿಯುವುದನ್ನು ಕಾಯುತ್ತಿದ್ದಳು.

ಫ್ರೀವೇ ಬಗ್ಗೆ ಹೆಚ್ಚು ಹೇಳಲಾರೆ, ಬಹುಪಾಲು ಕಣ್ಣು ಮುಚ್ಚಿದ್ದೆ. ನನ್ನನ್ನು ನಿಜವಾಗಿ ಹೆದರಿಸಿದ್ದು ಅವಳ ಮನೆಯ ಬೀದಿ. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಕಡೆಗೂ ಎಂಟು ಮೂಲೆಯ ಕೆಂಪು ಫಲಕ. ಪೊಲೀಸರಿಲ್ಲ, ದೀಪವಿಲ್ಲ. ಬಂದ ಕಾರೆಲ್ಲ ಪೂರ್ತಿ ನಿಲ್ಲಬೇಕು, ಮೊದಲು ನಿಂತವರು ಮೊದಲು ಹೊರಡಬೇಕು. ಇಬ್ಬರೂ ಒಟ್ಟಿಗೆ ಬಂದರೆ ಮದುವೆ ಮನೆಯ ಬೀಗರ ಹಾಗೆ ನೀವು ಮೊದಲು, ಇಲ್ಲ ನೀವು ಮೊದಲು ಎಂದು ಕೈಸನ್ನೆ ಮಾಡಿಕೊಳ್ಳುತ್ತಾರೆ. ಹಾರ್ನಿನ ಸುದ್ದಿಯೇ ಇಲ್ಲ. ನಮ್ಮಲ್ಲಿ ಹಾರ್ನು ಬೈಗುಳವಲ್ಲ, ನಾನಿಲ್ಲಿದ್ದೇನಪ್ಪ ಎಂಬ ಕೂಗು. ಆ ಕೂಗಿಲ್ಲದ ರಸ್ತೆಯಲ್ಲಿ ನನಗೆ ಯಾರು ಎಲ್ಲಿದ್ದಾರೋ ತಿಳಿಯುತ್ತಿರಲಿಲ್ಲ.

"ಒಬ್ರು ನಿಲ್ಸಲಿಲ್ಲ ಅಂದ್ರೆ?" ಎಂದು ಕೇಳಿದೆ.

"ನಿಲ್ಲಿಸ್ತಾರೆ ಅತ್ತಿಗೆ. ಎಲ್ರೂ ನಿಲ್ಲಿಸ್ತಾರೆ. ಆ ನಂಬಿಕೆ ಮೇಲೇ ನಡೆಯೋದು ಇಲ್ಲಿ."

ನಂಬಿಕೆಯ ಮೇಲೆ ನಡೆಯುವ ಯಾವುದೂ ನನಗೆ ನಿದ್ದೆ ಕೊಡುವುದಿಲ್ಲ.

ಬರ್ಕ್ಲಿ: ಗುಡ್ಡದ ಮೇಲಿನ ಮನೆ

ನನ್ನ ಪುಸ್ತಕದ ನಾಯಕ ವೆಂಡೆಲ್, ಬರ್ಕ್ಲಿಯ ವಿಶ್ವವಿದ್ಯಾಲಯದ ಹಿಂದಿನ ಗುಡ್ಡದ ಮೇಲೆ ಇದ್ದಾರೆ. ಎಂಬತ್ತು ದಾಟಿದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ವರ್ಷಗಳ ಹಿಂದೆ ಅವರ ಕಾರೊಂದರ ಚಿತ್ರ ನೋಡಿ, ಅದರ ಮುಂದಿನ ಮಡ್‌ಗಾರ್ಡಿನ ಗೆರೆ ಬಾಗಿಲಿನ ಮೇಲೆ ಹರಿದು ಹಿಂದಿನ ಚಕ್ರದ ಹತ್ತಿರ ಯಾಕೆ ಕರಗುತ್ತದೆ ಎಂದು ಕೇಳಿ ಇಮೇಲ್ ಬರೆದಿದ್ದೆ. ಉತ್ತರದ ಬದಲು ಒಂದು ಪ್ರಶ್ನೆ ಬಂತು: ನಿಮ್ಮೂರಿನ ಆಟೊರಿಕ್ಷಾದ ಹುಡ್ ಮಡಚಿದಾಗ ಹೇಗೆ ಕಾಣುತ್ತದೆ, ಫೋಟೊ ಕಳಿಸುತ್ತೀರಾ? ಅಲ್ಲಿಂದ ಶುರುವಾದದ್ದು ನಮ್ಮ ಸ್ನೇಹ. ಇಮೇಲುಗಳಲ್ಲೇ ಪುಸ್ತಕದ ಮುಕ್ಕಾಲು ಭಾಗ ಮುಗಿದಿತ್ತು. ಆದರೆ ಅವರ ಮೂಲ ರೇಖಾಚಿತ್ರಗಳಿಲ್ಲದೆ ಅಂಥ ಪುಸ್ತಕ ತಾಳಿಯಿಲ್ಲದ ಮದುವೆ. ಚಿತ್ರ ಕೊಡಲು ಅವರದೊಂದು ಷರತ್ತು: ನನ್ನ ಪಕ್ಕ ಕೂತು ಎರಡು ಸಲ ಸುತ್ತಾಡಬೇಕು. ಒಮ್ಮೆ ಮನೆಯ ಸುತ್ತಿನ ಬೀದಿಗಳಲ್ಲಿ, ಇನ್ನೊಮ್ಮೆ ಗುಡ್ಡದ ನೆತ್ತಿಯ ತಿರುವು ರಸ್ತೆಯಲ್ಲಿ. ಕೂರದವರು ನನ್ನ ಕಾರಿನ ಬಗ್ಗೆ ಬರೆಯಬಾರದು ಎಂದಿದ್ದರು. ಹಿಂದೆ ಬರೆದವರಿಗೂ ಇದೇ ನಿಯಮವಂತೆ.

ಬಾಗಿಲು ತೆಗೆದವರು ತೆಳ್ಳಗೆ, ಉದ್ದಕ್ಕೆ, ಸ್ವೆಟರಿನ ಮೊಣಕೈಗೆ ತೇಪೆ ಹಾಕಿಕೊಂಡಿದ್ದರು. "ಸರ್" ಎಂದೆ. "ವೆಂಡೆಲ್ ಅನ್ನಿ" ಎಂದರು. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕೂಗಲು ನನ್ನ ನಾಲಿಗೆ ಹೊರಳಲಿಲ್ಲ. ಹಾಗಾಗಿ ಆ ದಿನಗಳಲ್ಲಿ ನಾನು ಅವರನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಮಾತಾಡಬೇಕೆಂದರೆ ಕೆಮ್ಮುತ್ತಿದ್ದೆ. ನನಗೆ ಅಲರ್ಜಿ ಇದೆ ಎಂದು ತಿಳಿದು ಅವರು ಕಿಟಕಿ ಮುಚ್ಚಿದರು.

ಟೀ ಕುಡಿಯುತ್ತಾ ತಮ್ಮ ಕಥೆ ಹೇಳಿದರು. ಹುಡುಗನಾಗಿ ಡೆಟ್ರಾಯಿಟಿಗೆ ಹೋಗಿ ದೊಡ್ಡ ಕಂಪನಿಯೊಂದರಲ್ಲಿ ಸೇರಿದಾಗ ಸಿಕ್ಕ ಕೆಲಸ ಕಾರಿನ ಹಿಂದಿನ ದೀಪದ ಆಕಾರ ಬರೆಯುವುದು. ಕಾರು ಬೇರೆಯವರದು, ದೀಪ ಇವರದು. ವರ್ಷವರ್ಷವೂ ಬರೀ ಕೆಂಪು ದೀಪಗಳು, ಉದ್ದ, ಗುಂಡು, ಕಣ್ಣೀರಿನ ಆಕಾರ. ಹಾಗೇ ಇದ್ದಿದ್ದರೆ ದೀಪದಲ್ಲೇ ಆಯುಷ್ಯ ಮುಗಿಯುತ್ತಿತ್ತೇನೋ. ಒಂದು ದಿನ ಕೆಲಸ ಬಿಟ್ಟು ಪಶ್ಚಿಮಕ್ಕೆ ಬಂದು, ಇಲ್ಲೇ ಹತ್ತಿರದ ಹೇವರ್ಡಿನ ಶೆಡ್ ಒಂದರಲ್ಲಿ ನಾಲ್ಕಾರು ಗೆಳೆಯರ ಜೊತೆ ಎರಡು ಸೀಟಿನ ಕಾರು ಮಾಡಿದರು. ಆ ಊರಿನ ಪಕ್ಕದ ಕೊಲ್ಲಿಯ ಉಪ್ಪು ನೀರಿನಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಹಕ್ಕಿಯ ಹೆಸರಿಟ್ಟರು, ನಮ್ಮ ಬೆಳ್ಳಕ್ಕಿ. ನೋಡಿದವರೆಲ್ಲ ಹೊಗಳಿದರು, ಕೊಂಡವರು ಕಡಿಮೆ. ಶೆಡ್ಡು ಮುಚ್ಚಿತು. ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಿದರು, ಕಸದ ಲಾರಿಗೆ ಮೂತಿ ಬರೆದುಕೊಟ್ಟರು, ಐಸ್‌ಕ್ರೀಂ ವ್ಯಾನು ಬರೆದರು. ಈಗಿನ ಬ್ಯಾಟರಿ ಕಾರಿನ ಹುಡುಗರೂ ಆಗಾಗ ಬಂದು ಸಲಹೆ ಕೇಳುತ್ತಾರಂತೆ.

"ಕಸದ ಲಾರಿಯ ಬಗ್ಗೆ ಯಾರೂ ಪುಸ್ತಕ ಬರೆಯಲ್ಲ. ಅದೇ ನನ್ನ ಒಳ್ಳೆಯ ಕೆಲಸ" ಎಂದು ನಕ್ಕರು.

ಗ್ಯಾರೇಜಿನಲ್ಲಿ ಬೆಳ್ಳಕ್ಕಿ ಇತ್ತು. ಹೆಸರು ಬೆಳ್ಳಕ್ಕಿ, ಬಣ್ಣ ಮಾತ್ರ ಕಡು ಹಸಿರು. ಚಿತ್ರಗಳಲ್ಲಿ ಅಷ್ಟು ನೋಡಿದ್ದರೂ ಎದುರಿಗೆ ಕಂಡಾಗ ಅದನ್ನು ಎರಡು ಸುತ್ತು ಬಂದೆ. ಸೊಂಟಕ್ಕಿಂತ ಕೆಳಗೆ ಬರುವ ಅಷ್ಟು ಸಣ್ಣ ಕಾರು. ಆ ಗೆರೆಯ ಮೇಲೆ ಕೈಯಾಡಿಸಲು ಹೇಳಿದರು. ಕಣ್ಣಿಗೆ ಕಾಣದ ಒಂದು ಉಬ್ಬು ಅಂಗೈಗೆ ಸಿಕ್ಕಿತು.

ಆಮೇಲೆ ಹೊರಟೆವು. ಸೀಟು ಎಷ್ಟು ಕೆಳಗೆಂದರೆ ನೆಲದ ಮೇಲೆ ಕಾಲು ನೀಡಿ ಕೂತಂತೆ. ಹಿಡಿದುಕೊಳ್ಳಲು ಏನೂ ಇಲ್ಲ. ನಾನು ನನ್ನ ಕೈಚೀಲವನ್ನೇ ಹಿಡಿದುಕೊಂಡೆ. ಮೊದಲ ಎರಡು ಬೀದಿ ಚೆನ್ನಾಗಿ ಓಡಿಸಿದರು, ಗೇರು ಬದಲಿಸುವ ಕೈ ವೀಣೆ ನುಡಿಸುವವರ ಕೈಯ ಹಾಗಿತ್ತು. ಮೂರನೆಯ ಬೀದಿಯ ಕೊನೆಯಲ್ಲಿ ನಾಲ್ಕು ದಾರಿಯ ಕೂಡು, ಎಂಟು ಮೂಲೆಯ ಕೆಂಪು ಫಲಕ. ನಿಧಾನವಾಗುತ್ತಾರೆ ಎಂದುಕೊಂಡೆ, ಆಗಲಿಲ್ಲ. ಎಡಗಡೆಯ ರಸ್ತೆಯಲ್ಲಿ ಬೂದು ಬಣ್ಣದ ಕಾರೊಂದು ನಿಂತು, ತನ್ನ ಸರದಿ ಬಂತೆಂದು ಹೊರಟಾಗಿತ್ತು. ನನ್ನ ಬಲಗಾಲು ನೆಲಕ್ಕೆ ದಬ್ಬೆಂದು ಬಡಿಯಿತು. ಬೂದು ಕಾರು ಗಕ್ಕನೆ ನಿಂತಿತು. ನಾವು ಅದರ ಮೂತಿಯ ಮುಂದೆ ಹಾದುಹೋದೆವು. ಒಳಗಿದ್ದ ಹೆಂಗಸು ಎರಡೂ ಕೈ ಮೇಲೆತ್ತಿದಳು, ಅಷ್ಟೇ. ಅವಳು ಹಾರ್ನು ಹೊಡೆದು ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ತಿರುವಿನಲ್ಲಿ ಅವರು ಗೇರಿನ ಬಗ್ಗೆ ಏನೋ ಹೇಳಿದರು. ಹೂಂಗುಟ್ಟಿದೆ. ಮನೆ ತಲುಪುವವರೆಗೆ ಇಬ್ಬರೂ ಆ ಫಲಕದ ಮಾತೆತ್ತಲಿಲ್ಲ. ಅವರು ನೋಡಿಯೇ ಇಲ್ಲ ಎಂದು ನನಗೆ ಅನಿಸಿತು, ಅದು ಇನ್ನೂ ಹೆಚ್ಚು ಹೆದರಿಸಿತು.

"ಬಾಡಿಗೆ ಇಲ್ಲದ ಸವಾರಿ ಹೇಗಿತ್ತು?" ಎಂದು ಇಳಿಯುವಾಗ ಕೇಳಿದರು.

"ತುಂಬಾ ಚೆನ್ನಾಗಿತ್ತು" ಎಂದೆ. ಕೈಚೀಲವನ್ನು ಇನ್ನೂ ಬಿಟ್ಟಿರಲಿಲ್ಲ.

ಹೇವರ್ಡ್: ಮಣ್ಣಿನ ಕಾರು

ಮರುದಿನ ಅವರ ಮಗಳು ರೂತ್ ನಮ್ಮಿಬ್ಬರನ್ನೂ ತನ್ನ ಕಾರಿನಲ್ಲಿ ಹೇವರ್ಡಿಗೆ ಕರೆದೊಯ್ದಳು. ಬೆಳ್ಳಕ್ಕಿ ಹುಟ್ಟಿದ ಶೆಡ್ ನೋಡಬೇಕೆಂದು ನಾನೇ ಕೇಳಿದ್ದೆ. ರೂತ್ ಶಾಲೆಯಲ್ಲಿ ಲೆಕ್ಕದ ಟೀಚರು, ಐವತ್ತರ ಮೇಲಾಗಿದೆ. ಮಾತಿನಲ್ಲಿ ಬೆಣ್ಣೆ ಹಚ್ಚುವ ಅಭ್ಯಾಸವಿಲ್ಲ. ನಾನು ಎಡಗಡೆ ಬಾಗಿಲಿಗೆ ಕೈ ಹಾಕಿದ್ದನ್ನು ನೋಡಿ, "ಅದು ನನ್ನ ಜಾಗ" ಎಂದಳು.

ಶೆಡ್ಡಿನಲ್ಲಿ ಈಗ ಪಾರ್ಸೆಲ್ ಡಬ್ಬಗಳ ಗೋದಾಮು. ಅಲ್ಲಿನವರು ಒಳಗೆ ಬಿಡಲಿಲ್ಲ. ಹೊರಗೆ ಲಾರಿ ನಿಲ್ಲುವ ಅಂಗಳದಲ್ಲೇ ನಿಂತು ವೆಂಡೆಲ್ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ಇಲ್ಲಿ ಒಲೆ, ಇಲ್ಲಿ ಮಣ್ಣು. ಮಣ್ಣೆಂದರೆ ನಮ್ಮ ಕುಂಬಾರರ ಮಣ್ಣಲ್ಲ, ಮೇಣ ಬೆರೆತ ಕಂದು ಮುದ್ದೆ. ಒಲೆಯಲ್ಲಿಟ್ಟು ಬಿಸಿ ಮಾಡಿ ಮರದ ಚೌಕಟ್ಟಿನ ಮೇಲೆ ಮೆತ್ತಿ, ಆರಿದ ಮೇಲೆ ಕೆರೆದು ಕೆರೆದು ನಿಜವಾದ ಅಳತೆಯ ಕಾರಿನ ಆಕಾರ ತೆಗೆಯುತ್ತಾರೆ. ಅಷ್ಟು ಮಾಡಿದ ಮೇಲೆ ವೆಂಡೆಲ್ ಅದನ್ನು ಅಂಗಳಕ್ಕೆ ತಳ್ಳಿಸಿ, ಬೆಳಿಗ್ಗೆ ಕೊಲ್ಲಿಯಿಂದ ಮಂಜು ಬರುವುದನ್ನು ಕಾಯುತ್ತಿದ್ದರಂತೆ.

"ಬಿಸಿಲಿನಲ್ಲಿ ಎಲ್ಲ ಕಾರೂ ಹೊಳೆಯುತ್ತೆ. ನೋಡುವವರಿಗೆ ಮೋಸ. ಮಂಜಿನ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ. ಆಗ ಗೆರೆ ತಪ್ಪಿದ್ದರೆ ಮುಚ್ಚಿಡಕ್ಕೆ ಆಗಲ್ಲ" ಎಂದರು.

ಒಂದು ಚಳಿಗಾಲವಿಡೀ ಆ ಒಂದು ಗೆರೆಗಾಗಿ ಕೆರೆದರಂತೆ. ಗೆಳೆಯರು ಸಾಕು ಎಂದರೂ ಬಿಡಲಿಲ್ಲವಂತೆ. ಡ್ರೈವರು ಕೂತ ಜಾಗದಿಂದ ಆ ಗೆರೆ ರಸ್ತೆಗೆ ಸೇರಿಕೊಂಡಂತೆ ಕಾಣಬೇಕು, ಅದೇ ಅವರ ಹಟ. ಹೇಳುತ್ತಾ ಅವರ ಮುಖ ಹುಡುಗನದಾಗಿತ್ತು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು, ಹಿಂದೆಯೇ ಆ ಬೂದು ಕಾರೂ ನೆನಪಿಗೆ ಬಂತು.

ಅಂಗಳದ ತುದಿಯಲ್ಲಿ ಲಾರಿ ಡ್ರೈವರೊಬ್ಬನ ಜೊತೆ ಅವರು ಮಾತಿಗೆ ನಿಂತಾಗ ರೂತ್ ನನ್ನ ಹತ್ತಿರ ಬಂದಳು.

"ನಿನ್ನೆ ನೀವು ಅಪ್ಪನ ಜೊತೆ ಹೋಗಿದ್ರಿ. ಹೇಗೆ ಓಡಿಸಿದರು?"

"ಯಾಕೆ?"

"ಅಮ್ಮ ಹೋದಮೇಲೆ ಆ ಸೀಟಿನಲ್ಲಿ ಕೂತವರು ನನ್ನನ್ನು ಬಿಟ್ಟರೆ ನೀವೊಬ್ಬರೇ. ನಾನು ಒಮ್ಮೆ ಕೂತು ಕೂಗಾಡಿದೆ. ಇನ್ನು ಕೂರಬೇಡ ಅಂದರು. ಕಣ್ಣಿನ ಪರೀಕ್ಷೆ ಪಾಸಾಗಿದ್ದಾರೆ. ಬೋರ್ಡಿನ ಮೇಲಿನ ಅಕ್ಷರ ನಿಂತೇ ಇರುತ್ತೆ, ಓದ್ತಾರೆ. ರಸ್ತೆಯ ಮೇಲಿರುವುದು ನಿಂತಿರಲ್ಲ. ನನ್ನ ಮಾತು ಅವರು ಕೇಳಲ್ಲ, ಜಗಳ ಅಂದುಕೊಳ್ತಾರೆ. ನೀವು ಹೊರಗಿನವರು. ನೀವು ಕಂಡದ್ದನ್ನು ಹೇಳಿದರೆ ಅವರೇ ಯೋಚಿಸ್ತಾರೆ. ಅವರು ಓಡಿಸಬಹುದಾ, ಬೇಡವಾ?"

ಹೌದೆಂದರೆ ಸುಳ್ಳು. ಇಲ್ಲವೆಂದರೆ ಆ ಮುದುಕರ ಕೈಯಿಂದ ಅವರ ಕಾರನ್ನು ಕಿತ್ತುಕೊಂಡವಳು ನಾನಾಗುತ್ತೇನೆ. ಆಮೇಲೆ ಯಾವ ಚಿತ್ರ, ಯಾವ ಪುಸ್ತಕ. ಎರಡನೆಯ ಸವಾರಿಯಾಗದೆ ಒಂದು ಗೆರೆಯನ್ನೂ ಅವರು ಕೊಡುವುದಿಲ್ಲ.

"ಚೆನ್ನಾಗೇ ಓಡಿಸಿದರು" ಎಂದೆ.

ರೂತ್ ನನ್ನ ಮುಖವನ್ನೇ ನೋಡಿದಳು. ಥ್ಯಾಂಕ್ಸ್ ಎಂದಳು. ಲೆಕ್ಕದ ಟೀಚರುಗಳಿಗೆ ತಪ್ಪು ಉತ್ತರ ದೂರದಿಂದಲೇ ಗೊತ್ತಾಗುತ್ತದೆ, ನಾನೂ ಟೀಚರೇ. ಹಿಂದಿರುಗುವಾಗ ವೆಂಡೆಲ್ ನನ್ನ ಕಡೆ ತಿರುಗಿ, ನಾಡಿದ್ದು ಗುಡ್ಡದ ನೆತ್ತಿಗೆ ಹೋಗೋಣ, ಅಲ್ಲಿನ ತಿರುವುಗಳಿಗಾಗಿಯೇ ಈ ಕಾರು ಮಾಡಿದ್ದು ಎಂದರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತವಂತೆ. ಅವರಿಗೆ ಅದೊಂದು ಆಕರ್ಷಣೆ.

ಮತ್ತೆ ಫ್ರೀಮಾಂಟ್: ಬೆಂಡೆಕಾಯಿ

ಸುನೀತಾಳ ಜೊತೆ ಇಂಡಿಯನ್ ಗ್ರೋಸರಿಗೆ ಹೋಗಿದ್ದೆ. ಅಲ್ಲಿ ಬೆಂಡೆಕಾಯಿಯ ರಾಶಿಯ ಸುತ್ತ ನಮ್ಮವರೆಲ್ಲ ನಿಂತು ತುದಿ ಮುರಿದು ನೋಡುತ್ತಿರುತ್ತಾರೆ, ಮುರಿಯಬೇಡಿ ಎಂಬ ಬೋರ್ಡಿನ ಕೆಳಗೇ. ಸ್ಟಾಪ್ ಫಲಕಕ್ಕೆ ಅಷ್ಟು ನಿಯತ್ತಾಗಿ ನಿಲ್ಲುವ ಇದೇ ಜನ ಈ ಬೋರ್ಡಿಗೆ ಕ್ಯಾರೇ ಅನ್ನುವುದಿಲ್ಲ. ನಾನೂ ಮುರಿಯುತ್ತಾ ನಿಂತವಳು ಎಲ್ಲ ಹೇಳಿಬಿಟ್ಟೆ. ಬೂದು ಕಾರು, ರೂತ್, ನಾನು ಹೇಳಿದ ಸುಳ್ಳು.

ಸುನೀತಾ ಬೆಂಡೆಕಾಯಿ ಕೆಳಗಿಟ್ಟಳು. "ಅತ್ತಿಗೆ, ನಿಮ್ಗೆ ಆ ಡ್ರಾಯಿಂಗ್ಸ್ ಬೇಕು ಅಂತ ಸುಮ್ನಿದ್ರಾ?"

"ಅದೂ ಇದೆ. ಮತ್ತೆ, ಪಾಪ ಆ ಮನುಷ್ಯಂಗೆ ಹೆಂಗ್ ಹೇಳೋದು? ಜೀವಮಾನವೆಲ್ಲ ಕಾರು ಮಾಡಿದೋರಿಗೆ ಕಾರು ಮುಟ್ಟಬೇಡಿ ಅಂತ?"

"ನಮ್ಮಪ್ಪಂಗೆ ಹೆಂಗ್ ಹೇಳಿದ್ವಿ?"

ನಾವು ಮಾವನವರಿಗೆ ಹೇಳಿಯೇ ಇರಲಿಲ್ಲ. ಅವರ ಕಣ್ಣು ಮಂಜಾದಾಗ ಸ್ಕೂಟರು ತಾನಾಗಿಯೇ ಕೆಟ್ಟುಹೋಯಿತು. ಮೆಕ್ಯಾನಿಕ್ಕಿಗೆ ಕೊಟ್ಟಿದೆ ಎಂದೆವು. ಪಾರ್ಟು ಸಿಗುತ್ತಿಲ್ಲ ಎಂದೆವು. ಅತ್ತೆ ಕೀಲಿಯನ್ನು ರಾಗಿ ಡಬ್ಬದಲ್ಲಿ ಹೂತಿಟ್ಟರು. ಮಾವ ದಿನವೂ ಸಂಜೆ ಪಾರ್ಟು ಬಂತಾ ಎಂದು ಕೇಳುತ್ತಿದ್ದರು, ಒಂದು ದಿನ ಕೇಳುವುದು ಬಿಟ್ಟರು. ಅವರಿಗೆ ಗೊತ್ತಾಯಿತೋ, ಸುಸ್ತಾಯಿತೋ ಯಾರೂ ವಿಚಾರಿಸಲಿಲ್ಲ. ನಮ್ಮಲ್ಲಿ ಇಂಥ ಕೆಲಸ ಹೀಗೇ ಆಗುವುದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಲ್ಲಿನವರು ಎದುರಿಗೆ ಕೂತು, ಅಪ್ಪಾ ನೀನೇ ನಿರ್ಧಾರ ಮಾಡು ಎನ್ನುತ್ತಾರೆ. ಮೊದಲು ನನಗೆ ಅದು ಕಟುಕತನ ಅನಿಸಿತ್ತು. ಬೆಂಡೆಕಾಯಿಯ ಮುಂದೆ ನಿಂತಾಗ ಮಾವನವರ ಆ ಪ್ರಶ್ನೆ ಕಿವಿಯಲ್ಲಿ ಕೇಳಿ, ಕಟುಕರು ಯಾರು ಎಂದು ಸಂಶಯ ಬಂತು.

"ನೋಡಿ ಅತ್ತಿಗೆ" ಎಂದಳು ಸುನೀತಾ, "ನಾನು ಹೇಳಿದ್ನಲ್ಲ, ಇಲ್ಲಿ ಎಲ್ರೂ ನಿಲ್ಲಿಸ್ತಾರೆ ಅನ್ನೋ ನಂಬಿಕೆ ಮೇಲೆ ಮಕ್ಳನ್ನ ಸೈಕಲಲ್ಲಿ ಕಳಿಸ್ತೀವಿ. ಅವ್ರು ಒಬ್ರು ನಿಲ್ಲಿಸಲ್ಲ ಅಂತ ನಿಮ್ಗೊಬ್ರಿಗೆ ಗೊತ್ತು. ನಾಳೆ ಏನಾದ್ರೂ ಆದ್ರೆ ಆ ಬುಕ್ಕು ನೀವೇ ಓದಕ್ಕಾಗತ್ತಾ?"

ಮನೆಗೆ ಬಂದು ಬೆಂಡೆಕಾಯಿ ಹೆಚ್ಚಿದೆವು. ಸಾಂಬಾರಿಗೆ ಅವಳು ಉಪ್ಪು ಹಾಕಿದ ಮೇಲೆ ನಾನೂ ಹಾಕಿದೆ. ಯಾರಿಗೂ ಉಣ್ಣಲಾಗಲಿಲ್ಲ.

ಬರ್ಕ್ಲಿ: ಮಂಜಿನ ಬೆಳಿಗ್ಗೆ

ಮೆಟ್ರೊ ರೈಲಿನಲ್ಲಿ ಒಬ್ಬಳೇ ಹೋದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಹಿಂದೆ ಮುಂದೆ ಮಾಡಿ ಕಟ್ಟುತ್ತಿದ್ದೆ. ಕ್ಷಮಿಸಿ ಎಂದು ಶುರು ಮಾಡಲೇ? ಬೇಡ, ಅಪಶಕುನದಂತಿರುತ್ತದೆ. ನನಗೆ ಡ್ರೈವಿಂಗ್ ಬಾರದು, ಆದರೂ ಎನ್ನಲೇ? ಬಾರದವಳು ಯಾಕೆ ಮಾತಾಡುತ್ತೀಯಾ ಅಂದರೆ? ಪಕ್ಕದಲ್ಲಿ ಕೂತ ವಿದ್ಯಾರ್ಥಿನಿ ನನ್ನ ತುಟಿ ಅಲುಗುವುದನ್ನು ನೋಡಿ ಜಪ ಮಾಡುತ್ತಿದ್ದೇನೆಂದು ಸ್ವಲ್ಪ ಸರಿದು ಕೂತಳು. ಜಪವೇ ಅದು.

ನಿಲ್ದಾಣದಿಂದ ಗುಡ್ಡಕ್ಕೆ ಬಾಡಿಗೆ ಕಾರು ಹತ್ತಿದೆ. ಮೇಲೆ ಹೋದಂತೆ ಮಂಜು ದಟ್ಟವಾಯಿತು. ಮನೆಯ ಮುಂದೆ ರೂತ್‌ಳ ಕಾರೂ ನಿಂತಿತ್ತು, ಅಪ್ಪನಿಗೆ ತಿಂಡಿ ತಂದಿದ್ದಳಂತೆ. ಅವಳು ಅಡಿಗೆಮನೆಯಲ್ಲಿದ್ದಳು. ವೆಂಡೆಲ್ ಗ್ಯಾರೇಜಿನ ಬಾಗಿಲು ಎತ್ತಿ, ಬೆಳ್ಳಕ್ಕಿಯನ್ನು ಹೊರಗೆ ನಿಲ್ಲಿಸಿ, ಒರೆಸುತ್ತಿದ್ದರು. ಆ ಬೂದು ಬೆಳಕಿನಲ್ಲಿ ಕಾರು ಹೊಳೆಯುತ್ತಿರಲಿಲ್ಲ, ಆದರೆ ಆ ಗೆರೆ ಎಲ್ಲಿ ಹುಟ್ಟಿ ಎಲ್ಲಿ ಕರಗುತ್ತದೆ ಎಂಬುದು ಮೊದಲ ಸಲ ನನಗೆ ಪೂರ್ತಿ ಕಂಡಿತು.

"ಒಳ್ಳೆಯ ದಿನ. ಕೂತುಕೊಳ್ಳಿ" ಎಂದರು.

ಕೂರುವ ಮೊದಲೇ ಹೇಳಬೇಕೆಂದಿದ್ದೆ. ವಾಕ್ಯದ ಮೊದಲ ಪದ ಹುಡುಕುತ್ತಾ ನಡೆದು, ಬಾಗಿಲು ತೆಗೆದು, ತಗ್ಗಿ, ಕಾಲು ನೀಡಿ ಕೂತೆ. ಎದೆಗೆ ಏನೋ ತಾಗಿತು. ಸ್ಟೇರಿಂಗು.

ವೆಂಡೆಲ್ ಕೈಯಲ್ಲಿ ಬಟ್ಟೆ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದರು. ನಾನು ಗಾಬರಿಯಿಂದ ಏಳಲು ಹೋದೆ. ಅಷ್ಟು ಕೆಳಗಿನ ಸೀಟಿನಿಂದ ಎದ್ದೇಳುವುದು ಸುಲಭವಿರಲಿಲ್ಲ.

"ಇರಿ, ಇರಿ" ಎಂದರು. ಒಂದು ಗಳಿಗೆ ಯೋಚಿಸಿದರು. ಕಾರನ್ನು ಸುತ್ತಿಕೊಂಡು ಆ ಕಡೆ ಹೋಗಿ, ಬಾಗಿಲಿನ ಅಂಚು ಹಿಡಿದು ಮೆಲ್ಲಗೆ ಬಲಗಡೆ ಸೀಟಿಗೆ ಇಳಿದರು. ಮೊಣಕಾಲು ಮುಂದಿನ ತಗಡಿಗೆ ತಾಗಿತು. ಕೈ ಅತ್ತಿತ್ತ ಹುಡುಕಿತು.

"ಇಲ್ಲಿ ಹಿಡಿದುಕೊಳ್ಳಕ್ಕೆ ಏನೂ ಇಲ್ಲ" ಎಂದರು.

"ಇಲ್ಲ" ಎಂದೆ.

"ನಾನು ಇಲ್ಲಿ ಕೂತೇ ಇಲ್ಲ. ಮಣ್ಣಿನ ಕಾಲದಿಂದ." ಮುಂದಕ್ಕೆ ಬಾಗಿದರು, ಪಕ್ಕಕ್ಕೆ ವಾಲಿದರು. "ಆ ಗೆರೆ ಕಾಣಿಸಲ್ಲ ಇಲ್ಲಿಂದ. ಬಾನೆಟ್ಟಿನ ಉಬ್ಬು ಅಡ್ಡ ಬರುತ್ತೆ. ರಸ್ತೆ ಅರ್ಧ ಕಾಣುತ್ತೆ. ಇಲ್ಲಿ ಕೂತವರು ಬರೀ ನಂಬಬೇಕು." ಸೀಟಿನ ಅಂಚನ್ನು ಸವರಿ, "ಆನ್ ಇಷ್ಟು ವರ್ಷ ಇಲ್ಲಿ ಕೂತಳು" ಎಂದರು. ಆನ್ ಅವರ ಹೆಂಡತಿ.

ನಾನು ಕಟ್ಟಿಕೊಂಡು ಬಂದ ವಾಕ್ಯ ಆಗ ನೆನಪಿಗೆ ಬರಲಿಲ್ಲ. ಸ್ಟೇರಿಂಗನ್ನು ಹಿಡಿದುಕೊಂಡು, ಅವರ ಕಡೆ ನೋಡದೆ ಹೇಳಿದೆ: "ಅವತ್ತು ನೀವು ಸ್ಟಾಪ್ ಫಲಕ ನೋಡಲಿಲ್ಲ. ಎಡಗಡೆಯಿಂದ ಒಂದು ಕಾರು ಬರುತ್ತಿತ್ತು. ಆಕೆ ಬ್ರೇಕು ಹಾಕಿದ್ದರಿಂದ ನಾವು ಉಳಿದೆವು. ನಾನು ರೂತ್‌ಗೆ ಸುಳ್ಳು ಹೇಳಿದೆ."

ಮನೆಯೊಳಗೆ ರೂತ್ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು.

"ಗೊತ್ತು" ಎಂದರು ವೆಂಡೆಲ್. "ಫಲಕ ಕಾಣಲಿಲ್ಲ. ಕಾರೂ ಕಾಣಲಿಲ್ಲ. ನಿಮ್ಮ ಕಾಲು ಕೇಳಿಸಿತು."

ನನಗೆ ನಾಚಿಕೆಯಾಯಿತು. "ಅದು ನನ್ನ ಕೆಟ್ಟ ಅಭ್ಯಾಸ."

"ಆನ್ ಕೂಡ ಹಾಗೇ ಒತ್ತುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಅವಳ ಕಾಲಿನ ಸದ್ದು ಕೇಳಿದರೆ ನಾನು ಏನೋ ತಪ್ಪಿದ್ದೇನೆ ಅಂತ ಗೊತ್ತಾಗುತ್ತಿತ್ತು, ನಿಧಾನ ಮಾಡುತ್ತಿದ್ದೆ. ಅವಳು ಹೋದಮೇಲೆ ಯಾರೂ ಒತ್ತಲಿಲ್ಲ." ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. "ನಾನು ಚೆನ್ನಾಗಿ ಓಡಿಸುತ್ತಾ ಇದ್ದೀನಿ ಅಂದುಕೊಂಡುಬಿಟ್ಟೆ."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ, ಅಥವಾ ಬಂದದ್ದು ನನಗೆ ಕಾಣಲಿಲ್ಲ. ಮಂಜಿನಲ್ಲಿ ಕಾರಿನ ಗಾಜು ತೇವವಾಗಿ ಎದುರಿನ ರಸ್ತೆ ಅಳಿಸಿಹೋಗಿತ್ತು. ಓಡದ ಕಾರಿನಲ್ಲಿ, ಓಡಿಸಲು ಬಾರದ ನಾನು ಡ್ರೈವರಿನ ಸೀಟಿನಲ್ಲಿ, ಇನ್ನು ಓಡಿಸಬಾರದ ಅವರು ಪಕ್ಕದಲ್ಲಿ, ಹಾಗೇ ಕೂತಿದ್ದೆವು. ನನ್ನ ಆಯುಷ್ಯದಲ್ಲಿ ಕಾರಿನೊಳಗೆ ಅಷ್ಟು ನಿಶ್ಚಿಂತೆಯಾಗಿ ಎಂದೂ ಕೂತಿರಲಿಲ್ಲ.

"ಚಿತ್ರಗಳನ್ನು ತಗೊಳ್ಳಿ, ಮೇಜಿನ ಮೇಲೆ ಕಟ್ಟಿಟ್ಟಿದ್ದೀನಿ" ಎಂದರು. "ಆದರೆ ಇದನ್ನೂ ಬರೀರಿ. ಬಲಗಡೆಯ ಸೀಟು ಸರಿಯಿಲ್ಲ. ವೆಂಡೆಲ್ ಅರ್ಧ ಕಾರನ್ನಷ್ಟೇ ಮಾಡಿದ್ದಾನೆ ಅಂತ ಬರೀರಿ."

ಎರಡನೆಯ ಸವಾರಿ ಆಗಲಿಲ್ಲವಲ್ಲ ಎಂದೆ. ಆಯಿತಲ್ಲ, ಇದೇ ಎಂದರು. ಆಮೇಲೆ ಮನೆಯ ಕಡೆ ತಿರುಗಿ ಮಗಳನ್ನು ಕೂಗಿದರು.

ರೂತ್ ಕೈ ಒರೆಸಿಕೊಳ್ಳುತ್ತಾ ಬಂದು, ನಾವಿಬ್ಬರೂ ಕೂತಿದ್ದ ರೀತಿ ನೋಡಿ ಅಲ್ಲೇ ನಿಂತಳು. ವೆಂಡೆಲ್ ಜೇಬಿನಿಂದ ಕೀಲಿ ತೆಗೆದು ಕಿಟಕಿಯಾಚೆ ಚಾಚಿದರು. "ನೀನು ಓಡಿಸು. ನೆತ್ತಿಯವರೆಗೆ. ಎರಡನೇ ಗೇರು ಗಟ್ಟಿಯಿದೆ."

"ನನಗೆ ಗೊತ್ತು, ಇದರಲ್ಲೇ ಕಲಿತಿದ್ದು" ಎಂದಳು ರೂತ್. ಅವಳ ದನಿ ಕೀಲಿಯಷ್ಟೇ ಸಣ್ಣಗಿತ್ತು. ನನ್ನ ಕೈ ಹಿಡಿದು ಎಳೆದು ಎಬ್ಬಿಸಿದಳು. ಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದಳು.

ಎರಡೇ ಸೀಟಿನ ಕಾರು. ನಾನು ಗೇಟಿನ ಬಳಿ ನಿಂತೆ. ಬೆಳ್ಳಕ್ಕಿ ಮಂಜಿನೊಳಗೆ ಇಳಿಯಿತು, ಬೀದಿಯ ಕೊನೆಯ ಫಲಕದ ಹತ್ತಿರ ಅದರ ಹಿಂದಿನ ದೀಪಗಳೆರಡೂ ಕೆಂಪಗೆ ಹೊತ್ತಿದವು. ಪೂರ್ತಿ ನಿಂತಿತು. ಕೆಳಗೆ ನೋಡಿದರೆ, ನನ್ನ ಬಲಗಾಲೂ ಕಾಲುದಾರಿಯ ಕಲ್ಲನ್ನು ಒತ್ತಿ ಹಿಡಿದಿತ್ತು.

ಅವರು ಬರುವವರೆಗೆ ನಾನು ಒಳಗೆ ಹೋಗಲಿಲ್ಲ. ಎಷ್ಟು ಕೆಟ್ಟದ್ದನ್ನು ಕಲ್ಪಿಸಿಕೊಳ್ಳಬಹುದೋ ಅಷ್ಟನ್ನೂ ಕಲ್ಪಿಸಿಕೊಂಡೆ, ಪ್ರಪಾತವನ್ನೂ ಸೇರಿಸಿ. ಮಂಜು ತೆಳುವಾಗುವ ಹೊತ್ತಿಗೆ ಬೆಳ್ಳಕ್ಕಿ ಹಿಂದಿರುಗಿತು. ರೂತ್‌ಳ ಕೆನ್ನೆ ಕೆಂಪಾಗಿತ್ತು. ವೆಂಡೆಲ್ ಬಾಗಿಲು ಹಿಡಿದು ಕಷ್ಟಪಟ್ಟು ಇಳಿದು, ಎರಡು ಹೆಜ್ಜೆ ಕುಂಟಿ, ನನ್ನ ಹತ್ತಿರ ಬಂದು ಬಲ ತೊಡೆಯನ್ನು ನೀವಿಕೊಂಡರು.

"ಕಾಲು ನೋಯುತ್ತಿದೆ" ಎಂದರು.

"ಅಭ್ಯಾಸವಾಗುತ್ತೆ, ವೆಂಡೆಲ್" ಎಂದೆ.